ಅವರ ಬೆಳಿಗ್ಗೆ ಹತ್ತು ಅಂದರೆ ನಮಗೆ ಎಷ್ಟು? ಬೇರೆ ದೇಶದ ಇಂಟರ್‌ವ್ಯೂಗೆ ಟೈಮ್ ಗೊತ್ತುಮಾಡುವ ಬಗೆ

ನ್ಯೂಯಾರ್ಕ್ ನಮಗಿಂತ ಎಷ್ಟು ಗಂಟೆ ಹಿಂದೆ ಇದೆ ಅಂತ ಪುಣೆಯ ಐಟಿ ಕಂಪನಿಗಳಿರುವ ಹಿಂಜವಡಿಯ ಯಾವುದಾದರೂ ಕ್ಯಾಂಟೀನಿನಲ್ಲಿ ಕೇಳಿ ನೋಡಿ. ಕೆಲವರು ಒಂಬತ್ತೂವರೆ ಅನ್ನುತ್ತಾರೆ. ಕೆಲವರು ಹತ್ತೂವರೆ ಅನ್ನುತ್ತಾರೆ. ಎರಡೂ ಸರಿ. ಆದರೆ ಯಾವ ತಾರೀಖಿನ ಮಾತು ಅಂತ ಕೇಳದೆ ಉತ್ತರ ಕೊಟ್ಟರೆ ಎರಡೂ ತಪ್ಪಾಗಬಹುದು. ಇಂಟರ್‌ವ್ಯೂ ಕೈತಪ್ಪುವುದು ಇಲ್ಲೇ. ವಾರಗಟ್ಟಲೆ ಓದಿ, ಶರ್ಟ್ ಇಸ್ತ್ರಿ ಮಾಡಿಸಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಕೂತವರು ಒಂದು ಗಂಟೆಯ ಲೆಕ್ಕ ತಪ್ಪಿತು ಅಂತ ಕೆಲಸ ಕಳೆದುಕೊಳ್ಳುವುದನ್ನು ನೋಡಲಾಗುವುದಿಲ್ಲ.

ನಾನು ಪುಣೆಯಲ್ಲಿ ಮಾಡುವುದು ಇಂಟರ್‌ವ್ಯೂ ಹೊಂದಿಸುವ ಕೆಲಸ. ಕ್ಯಾಂಡಿಡೇಟ್ ಇಲ್ಲಿ, ಪ್ರಶ್ನೆ ಕೇಳುವವರು ಬೇರೆ ದೇಶದಲ್ಲಿ, ನಡುವೆ ಟೈಮ್ ಗೊತ್ತುಮಾಡುವವಳು ನಾನು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದ ನಮ್ಮ ಹುಡುಗ ಹುಡುಗಿಯರು ಮತ್ತು ಮುಂಬೈ ಬದಿಯ ಡೊಂಬಿವಲಿ, ಮಾಟುಂಗಾ ಕಡೆಯ ನೆಂಟರ ಮಕ್ಕಳು ಫೋನ್ ಮಾಡಿ ಜಾಸ್ತಿ ಕೇಳುವುದು ಇದನ್ನೇ. ನನ್ನ ಉತ್ತರ ಯಾವಾಗಲೂ ಒಂದೇ. ‘ಅಮೆರಿಕ ಅಂದರೆ ಇಷ್ಟು ಗಂಟೆ’ ಅಂತ ಒಂದು ಅಂಕಿ ಬಾಯಿಪಾಠ ಮಾಡಬೇಡಿ. ಊರಿನ ಹೆಸರು, ತಾರೀಖು, ಎರಡೂ ಕಡೆಯ ಗಂಟೆ, ಇಷ್ಟನ್ನೂ ಬರೆದು ಅವರ ಬಾಯಲ್ಲಿ ‘ಹೌದು’ ಅನ್ನಿಸಿಕೊಳ್ಳಿ.

ಯಾಕೆ ಇಷ್ಟು ಕಟ್ಟುನಿಟ್ಟು ಅಂತ ತಿಳಿಯಬೇಕಾದರೆ ಮೊದಲು ಆ ‘ಅರ್ಧ ಗಂಟೆ’ ಎಲ್ಲಿಂದ ಬಂತು ಅಂತ ನೋಡಬೇಕು.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಲಂಡನ್ನಿನ ಗ್ರೀನ್‌ವಿಚ್ ಮೂಲಕ ಹೋಗುವ ರೇಖೆಯನ್ನು ಸೊನ್ನೆ ಅಂತ ಇಟ್ಟುಕೊಳ್ಳೋಣ ಎಂದು 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ್ದ ದೇಶಗಳು ತೀರ್ಮಾನ ಮಾಡಿದವು. ನಮ್ಮ ಇಡೀ ದೇಶದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಯ ಮೇಲೆ. 82.5ನ್ನು 4ರಿಂದ ಗುಣಿಸಿ, 330 ನಿಮಿಷ ಬರುತ್ತದೆ. ಅದೇ ಐದೂವರೆ ಗಂಟೆ. ಜಗತ್ತಿನ ಹೆಚ್ಚಿನ ದೇಶಗಳು ಪೂರ್ತಿ ಗಂಟೆಯ ಲೆಕ್ಕ ಇಟ್ಟುಕೊಂಡಿವೆ. ನಾವು ಅರ್ಧ ಗಂಟೆ ಇಟ್ಟುಕೊಂಡಿದ್ದೇವೆ, ಪಕ್ಕದ ನೇಪಾಳ ಇನ್ನೂ ಕಾಲು ಗಂಟೆ ಸೇರಿಸಿ ಐದೂ ಮುಕ್ಕಾಲು ಮಾಡಿಕೊಂಡಿದೆ. ಹೊರದೇಶದವರು ನಮಗೆ ಸ್ಲಾಟ್ ಕೊಡುವಾಗ ಈ ಅರ್ಧ ಗಂಟೆಯನ್ನು ಮರೆತು ‘ನಿಮ್ಮ 7 ಗಂಟೆಗೆ’ ಅಂತ ಬರೆಯುವುದು ತುಂಬಾ ಸಾಮಾನ್ಯ. ನಿಜಕ್ಕೂ ಅದು 7:30 ಆಗಿರುತ್ತದೆ, ಇಲ್ಲವೇ 6:30.

ಮುಂಬೈ, ಪುಣೆಯಲ್ಲಿ ಇರುವ ನಮಗೆ ಈ ವಿಷಯ ಹೊಸದೇನಲ್ಲ. ಮುಂಬೈ ಇರುವುದು ಸುಮಾರು 72.8 ಡಿಗ್ರಿಯಲ್ಲಿ. ಅಲ್ಲಿನ ಸೂರ್ಯನ ಲೆಕ್ಕದ ಗಡಿಯಾರ ಗ್ರೀನ್‌ವಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ಇದನ್ನೇ ಬಾಂಬೆ ಟೈಮ್ ಅನ್ನುತ್ತಿದ್ದರು. 1906ರ ಜನವರಿ 1ಕ್ಕೆ ಬ್ರಿಟಿಷರು ಇಡೀ ದೇಶಕ್ಕೆ ಒಂದೇ ಸಮಯ ಅಂತ ಐಎಸ್‌ಟಿ ತಂದಾಗ ಈ ಊರು ಒಪ್ಪಲಿಲ್ಲ. ನಮ್ಮ ತಲೆ ಮೇಲೆ ಸೂರ್ಯ ಬರುವ ಹೊತ್ತನ್ನು ಬಿಟ್ಟು ಎಲ್ಲಿಯದೋ ಸಮಯಕ್ಕೆ ಯಾಕೆ ಏಳಬೇಕು ಅನ್ನುವುದು ಜನರ ಪ್ರಶ್ನೆ. ಊರಿನ ಪಾಲಿಕೆ ಬಾಂಬೆ ಟೈಮನ್ನೇ ಹಿಡಿದುಕೊಂಡಿತು. ಸ್ವಾತಂತ್ರ್ಯ ಬಂದ ಮೇಲೂ, 1955ರವರೆಗೂ, 39 ನಿಮಿಷ ಹಿಂದಿನ ಬಾಂಬೆ ಟೈಮ್ ಬಳಕೆಯಲ್ಲಿತ್ತು. ಮಾಟುಂಗಾದಲ್ಲಿ ನಮ್ಮ ಉಡುಪಿ ಹೋಟೆಲುಗಳು ಹೆಸರು ಮಾಡಿದ ಕಾಲಕ್ಕೆ ಅಲ್ಲಿ ‘ಎಷ್ಟು ಗಂಟೆಗೆ ಬರಲಿ?’ ಅಂತ ಕೇಳಿದರೆ ಸಾಲುತ್ತಿರಲಿಲ್ಲ, ಯಾವ ಟೈಮ್ ಅಂತಲೂ ಕೇಳಬೇಕಿತ್ತು. ಈಗ ದೇಶದ ಒಳಗೆ ಆ ಪ್ರಶ್ನೆ ಇಲ್ಲ. ದೇಶ ದಾಟಿದ ಕೂಡಲೇ ಇದೆ, ಮತ್ತು ಅದನ್ನು ಕೇಳಲು ಸಂಕೋಚಪಡಬಾರದು.

ಅರ್ಧ ಗಂಟೆಯನ್ನು ಒಮ್ಮೆ ಕಲಿತರೆ ಆಯಿತು, ಅದು ಬದಲಾಗುವುದಿಲ್ಲ. ನಿಜವಾದ ತೊಂದರೆ ಡೇಲೈಟ್ ಸೇವಿಂಗ್. ಬೇಸಿಗೆಯಲ್ಲಿ ಸಂಜೆಯ ಬೆಳಕು ಜಾಸ್ತಿ ಸಿಗಲಿ ಅಂತ ಅಮೆರಿಕ, ಯುರೋಪಿನವರು ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಚಳಿಗಾಲ ಬರುವಾಗ ಹಿಂದಕ್ಕೆ ತಿರುಗಿಸುತ್ತಾರೆ. ನಾವು ಯುದ್ಧದ ಕಾಲದಲ್ಲಿ ಗಡಿಯಾರ ಮುಂದಕ್ಕೆ ಇಟ್ಟಿದ್ದು ಬಿಟ್ಟರೆ ಆ ತಂಟೆಗೆ ಹೋಗಿಲ್ಲ. ಹಾಗಾಗಿ ನಮ್ಮ ಗಡಿಯಾರ ನಿಂತಲ್ಲೇ ಇದ್ದು, ಅವರದು ಮಾತ್ರ ವರ್ಷಕ್ಕೆ ಎರಡು ಸಲ ಜಾಗ ಬದಲಿಸುತ್ತದೆ. ಇಷ್ಟೇ ಆಗಿದ್ದರೆ ನಿಭಾಯಿಸಬಹುದಿತ್ತು. ಆದರೆ ಎಲ್ಲರೂ ಒಂದೇ ದಿನ ಬದಲಿಸುವುದಿಲ್ಲ. ಅಮೆರಿಕ ಮಾರ್ಚ್ ತಿಂಗಳ ಎರಡನೇ ಭಾನುವಾರ ಮುಂದಕ್ಕೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದ ದೇಶಗಳು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಇಟ್ಟುಕೊಂಡಿವೆ. 2026ರ ಲೆಕ್ಕದಲ್ಲಿ ಅಮೆರಿಕಕ್ಕೆ ಮಾರ್ಚ್ 8 ಮತ್ತು ನವೆಂಬರ್ 1, ಯುರೋಪಿಗೆ ಮಾರ್ಚ್ 29 ಮತ್ತು ಅಕ್ಟೋಬರ್ 25. ಅಮೆರಿಕದ ಒಳಗೂ ಅರಿಜೋನಾದ ಬಹುಭಾಗ ಮತ್ತು ಹವಾಯಿ ಗಡಿಯಾರ ಮುಟ್ಟುವುದೇ ಇಲ್ಲ. ಆಸ್ಟ್ರೇಲಿಯಾ ಭೂಮಿಯ ಆ ಬದಿಗೆ ಇರುವುದರಿಂದ ಎಲ್ಲವೂ ತಲೆಕೆಳಗು: ಸಿಡ್ನಿ, ಮೆಲ್ಬರ್ನ್ ಅಕ್ಟೋಬರಿನ ಮೊದಲ ಭಾನುವಾರ ಮುಂದೆ ಹೋಗಿ ಏಪ್ರಿಲ್ ಮೊದಲ ಭಾನುವಾರ ವಾಪಸ್ ಬರುತ್ತವೆ, ಬ್ರಿಸ್ಬೇನ್ ಬದಲಾಗುವುದೇ ಇಲ್ಲ.

ಇದರಲ್ಲಿ ಒಂದು ವಿಷಯವನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಎರಡು ಬದಲಾವಣೆಗಳೂ ನಮಗೆ ಒಂದೇ ರೀತಿ ಅಪಾಯ ಅಲ್ಲ. ನ್ಯೂಯಾರ್ಕಿನ ಬೆಳಿಗ್ಗೆ 10 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 8:30, ಬೇಸಿಗೆಯಲ್ಲಿ ಸಂಜೆ 7:30. ಅಂದರೆ ಅವರ ಗಡಿಯಾರ ಮುಂದಕ್ಕೆ ಹೋದಾಗ ಅವರ ಬೆಳಿಗ್ಗೆ ನಮಗೆ ಒಂದು ಗಂಟೆ ಬೇಗ ಬರುತ್ತದೆ. ಮಾರ್ಚ್‌ನಲ್ಲಿ ಬದಲಾವಣೆ ಗೊತ್ತಿಲ್ಲದವರು ಒಂದು ಗಂಟೆ ತಡವಾಗಿ ಹೋಗುತ್ತಾರೆ. ನವೆಂಬರ್‌ನಲ್ಲಿ ಗೊತ್ತಿಲ್ಲದವರು ಒಂದು ಗಂಟೆ ಮುಂಚೆ ಹೋಗುತ್ತಾರೆ, ಖಾಲಿ ಲಿಂಕಿನಲ್ಲಿ ಕೂತು ಗಾಬರಿಯಾಗುತ್ತಾರೆ, ಆದರೆ ಕೆಲಸ ಕೆಡುವುದಿಲ್ಲ. ಹಾಗಾಗಿ ಅಮೆರಿಕ, ಯುರೋಪಿಗೆ ಎಚ್ಚರ ಇರಬೇಕಾದ ತಿಂಗಳು ಮಾರ್ಚ್. ಸಿಡ್ನಿ, ಮೆಲ್ಬರ್ನ್‌ಗೆ ಅಕ್ಟೋಬರ್.

ಪುಣೆಯ ವಾಕಡ್‌ನ ಒಂದು ಪಿಜಿಯಲ್ಲಿ ಇದ್ದ ವಿಜಯಪುರದ ಹುಡುಗನಿಗೆ ಆದದ್ದು ಇದೇ. ಮೊದಲ ರೌಂಡ್ ಫೆಬ್ರವರಿ ಕೊನೆಯಲ್ಲಿ ರಾತ್ರಿ 8:30ಕ್ಕೆ ಚೆನ್ನಾಗಿ ಆಯಿತು. ಎರಡನೇ ರೌಂಡ್ ಮಾರ್ಚ್ ಮಧ್ಯದಲ್ಲಿ. ‘ಸೇಮ್ ಟೈಮ್’ ಅಂತ ಫೋನಿನಲ್ಲಿ ಹೇಳಿದರು, ಇವನು ಹೂಂ ಅಂದ. 8:30ಕ್ಕೆ ಲಿಂಕ್ ತೆರೆದು ನನಗೆ ಫೋನ್ ಮಾಡಿದ: ‘ಅಕ್ಕಾ, ಒಳಗೆ ಯಾರೂ ಇಲ್ಲ, ಹತ್ತು ನಿಮಿಷ ಆಯ್ತು.’ ಅವರು 7:30ಕ್ಕೇ ಬಂದು ಕಾದು ಹೋಗಿದ್ದರು. ಅವರ ಪಟ್ಟಿಯಲ್ಲಿ ಇವನ ಹೆಸರಿನ ಮುಂದೆ ‘ನೋ ಶೋ’, ಅಂದರೆ ಬರಲೇ ಇಲ್ಲ ಅಂತ ಬಿದ್ದಿತ್ತು. ‘ಸೇಮ್ ಟೈಮ್’ ಅಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಅವರ ಹತ್ತು ಗಂಟೆ, ಇವನ ಮನಸ್ಸಿನಲ್ಲಿ ಇದ್ದದ್ದು ನಮ್ಮ ಎಂಟೂವರೆ. ಫೋನಿನಲ್ಲಿ ಏನೇ ಮಾತಾದರೂ ಆಮೇಲೆ ಒಂದು ಮೇಲ್ ಹಾಕಿ ಅಂತ ನಾನು ಎಲ್ಲರಿಗೂ ಕಾಡುವುದು ಇದಕ್ಕೇ.

ಮೇಲ್ ಹಾಕುವಾಗ ಮೂರಕ್ಷರದ ಹೆಸರುಗಳನ್ನು ನಂಬಬೇಡಿ. ಇಎಸ್‌ಟಿ ಅಂದರೆ ನ್ಯೂಯಾರ್ಕ್ ಕಡೆಯ ಚಳಿಗಾಲದ ಸಮಯ, ಆದರೆ ಅಮೆರಿಕದವರು ಬೇಸಿಗೆಯಲ್ಲೂ ಅಭ್ಯಾಸಬಲದಿಂದ ಅದನ್ನೇ ಬರೆಯುತ್ತಾರೆ. ಜುಲೈಯಲ್ಲಿ ‘10 ಎಎಂ ಇಎಸ್‌ಟಿ’ ಅಂತ ಬಂದರೆ ಅಕ್ಷರಕ್ಕೆ ಹೋದರೆ ನಮ್ಮ 8:30, ಅವರು ಹೇಳಬೇಕೆಂದಿರುವುದು ಬಹುತೇಕ 7:30. ಸಿಎಸ್‌ಟಿ ಅಂದರೆ ಶಿಕಾಗೋ ಸಮಯವೂ ಹೌದು, ಚೀನಾ ಸಮಯವೂ ಹೌದು. ನಮ್ಮದೇ ಐಎಸ್‌ಟಿ ಕೂಡ ನಮ್ಮೊಬ್ಬರದಲ್ಲ. ಐರ್ಲೆಂಡಿನ ಬೇಸಿಗೆ ಸಮಯಕ್ಕೂ ಐಎಸ್‌ಟಿ ಅನ್ನುತ್ತಾರೆ, ಇಸ್ರೇಲಿನ ಸಮಯಕ್ಕೂ ಅನ್ನುತ್ತಾರೆ. ಡಬ್ಲಿನ್ನಿನಲ್ಲಿ ಕೂತ ರಿಕ್ರೂಟರ್ ಜೂನ್‌ನಲ್ಲಿ ‘3 ಪಿಎಂ ಐಎಸ್‌ಟಿ’ ಅಂತ ಬರೆದರೆ ಅದು ನಮ್ಮ ಮಧ್ಯಾಹ್ನ 3 ಇರಬಹುದು, ಅವರ ಮಧ್ಯಾಹ್ನ 3 ಅಂದರೆ ನಮ್ಮ ರಾತ್ರಿ 7:30 ಕೂಡ ಇರಬಹುದು. ಊರಿನ ಹೆಸರು ಬರೆದರೆ ಈ ಗೊಂದಲ ಇಲ್ಲ. ‘ಡಬ್ಲಿನ್ ಸಮಯವೋ ಪುಣೆ ಸಮಯವೋ’ ಅಂತ ಒಂದು ಸಾಲು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಈ ಕೆಲಸದಲ್ಲಿರುವ ನಮಗಂತೂ ಹಾಗೆ ಕೇಳುವ ಕ್ಯಾಂಡಿಡೇಟ್ ಬಗ್ಗೆ ಗೌರವ ಜಾಸ್ತಿಯಾಗುತ್ತದೆ.

ತಾರೀಖನ್ನೂ ಅಂಕಿಯಲ್ಲಿ ಬರೆಯಬೇಡಿ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರು, ವಾರದ ಹೆಸರು ಎರಡನ್ನೂ ಬರೆಯಿರಿ. ‘ಮಂಗಳವಾರ ರಾತ್ರಿ 12’ ಅನ್ನುವುದು ಇನ್ನೂ ಕೆಟ್ಟದ್ದು. ಅದು ಸೋಮವಾರ ಮುಗಿಯುವ ಹೊತ್ತೋ ಮಂಗಳವಾರ ಮುಗಿಯುವ ಹೊತ್ತೋ ಯಾರಿಗೂ ಖಾತ್ರಿ ಇರುವುದಿಲ್ಲ. ಆ ಹೊತ್ತಿನ ಸ್ಲಾಟ್ ಬಂದರೆ 11:45 ಮಾಡಿ, ಇಲ್ಲವೇ 12:15 ಮಾಡಿ ಅಂತ ಕೇಳಿ.

ಈಗ ಯಾವ ಊರಿಗೆ ಯಾವ ಹೊತ್ತು ಹೊಂದುತ್ತದೆ ನೋಡೋಣ. ಎಲ್ಲ ಕಡೆ ಆಫೀಸು ಬೆಳಿಗ್ಗೆ 9ರಿಂದ ಸಂಜೆ 5 ಅಂತ ಹಿಡಿಯೋಣ. ಸಿಂಗಾಪುರ, ದುಬೈ ಸುಲಭ, ಗಡಿಯಾರ ಬದಲಾಗುವುದಿಲ್ಲ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಗಲ್ಫ್‌ಗೆ ಹೋಗುವವರು ಗಂಟೆಗಿಂತ ವಾರವನ್ನು ನೋಡಿಕೊಳ್ಳಬೇಕು: ಯುಎಇ 2022ರಿಂದ ಶನಿವಾರ, ಭಾನುವಾರ ರಜೆ ಮಾಡಿಕೊಂಡಿದೆ, ಸೌದಿಯಲ್ಲಿ ಇನ್ನೂ ಶುಕ್ರವಾರ, ಶನಿವಾರ. ಲಂಡನ್ನೂ ಕಷ್ಟ ಇಲ್ಲ. ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಮಧ್ಯಾಹ್ನ 3ರಿಂದ ರಾತ್ರಿ 9ರ ನಡುವಿನ ಯಾವ ಹೊತ್ತಾದರೂ ಇಬ್ಬರಿಗೂ ಆಗುತ್ತದೆ. ಬರ್ಲಿನ್‌ಗೆ ಅದರಲ್ಲಿ ಒಂದು ಗಂಟೆ ಕಳೆಯಿರಿ. ಸಿಡ್ನಿಗೆ ನಮ್ಮ ಬೆಳಿಗ್ಗೆ 9:30 ಒಳ್ಳೆಯದು, ಅಲ್ಲಿ ಮಧ್ಯಾಹ್ನ 2 ಅಥವಾ 3 ಆಗಿರುತ್ತದೆ. ನ್ಯೂಯಾರ್ಕಿಗೆ ಸಂಜೆ 6:30ರಿಂದ ರಾತ್ರಿ 8:30ರ ನಡುವೆ ಕೇಳಬಹುದು, ಚಳಿಗಾಲದಲ್ಲಿ ಅದು 7:30ರಿಂದ ಶುರು.

ಕಷ್ಟ ಇರುವುದು ಕ್ಯಾಲಿಫೋರ್ನಿಯಾದ ಜೊತೆ, ನಮ್ಮ ಹುಡುಗರು ಜಾಸ್ತಿ ಬಯಸುವುದೂ ಅಲ್ಲಿನ ಕಂಪನಿಗಳನ್ನೇ. ಬೇಸಿಗೆಯಲ್ಲಿ ಅವರು ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಲೆಕ್ಕ ಹಾಕಲು ಒಂದು ಸುಲಭದ ದಾರಿ ಇದೆ. ನಮ್ಮ ಗಂಟೆಯನ್ನು ತೆಗೆದುಕೊಂಡು ಬೆಳಿಗ್ಗೆ ಇದ್ದರೆ ಹಿಂದಿನ ದಿನದ ರಾತ್ರಿ ಮಾಡಿ, ರಾತ್ರಿ ಇದ್ದರೆ ಅದೇ ದಿನದ ಬೆಳಿಗ್ಗೆ ಮಾಡಿ, ಆಮೇಲೆ ಬೇಸಿಗೆಯಾದರೆ ಅರ್ಧ ಗಂಟೆ, ಚಳಿಗಾಲವಾದರೆ ಒಂದೂವರೆ ಗಂಟೆ ಕಳೆಯಿರಿ. ನಮ್ಮ ರಾತ್ರಿ 9:30 ಅಂದರೆ ಬೇಸಿಗೆಯಲ್ಲಿ ಅವರಿಗೆ ಬೆಳಿಗ್ಗೆ 9. ನಮ್ಮ ಬೆಳಿಗ್ಗೆ 7 ಅಂದರೆ ಚಳಿಗಾಲದಲ್ಲಿ ಅವರಿಗೆ ಹಿಂದಿನ ದಿನದ ಸಂಜೆ 5:30.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಬೇಸಿಗೆಯಲ್ಲಿ ರಾತ್ರಿಯ ಸ್ಲಾಟ್ ಕೇಳಿ, ಚಳಿಗಾಲದಲ್ಲಿ ಬೆಳಗಿನ ಸ್ಲಾಟ್ ಕೇಳಿ. ಚಳಿಗಾಲದಲ್ಲಿ ಅವರ ಬೆಳಿಗ್ಗೆ 9 ಗಂಟೆ ನಮಗೆ ರಾತ್ರಿ 10:30 ಆಗುತ್ತದೆ, ಇಡೀ ದಿನ ಕೆಲಸ ಮಾಡಿ, ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಒಂದೂವರೆ ತಾಸು ಕೂತು ಬಂದವರಿಗೆ ಆ ಹೊತ್ತಿಗೆ ಕೋಡಿಂಗ್ ಪ್ರಶ್ನೆ ಬಿಡಿಸುವ ತಲೆ ಎಲ್ಲಿ ಉಳಿದಿರುತ್ತದೆ? ಅದೇ ಬೆಳಿಗ್ಗೆ 6:30 ಅಂದರೆ ಅವರಿಗೆ ಸಂಜೆ 5, ಅವರೂ ಮನೆಗೆ ಹೊರಡುವ ಮುಂಚೆ ಮಾತಾಡಿ ಮುಗಿಸಬಹುದು. ಪಿಜಿಯಲ್ಲಿ ರೂಮ್‌ಮೇಟ್ಸ್ ಮಲಗಿರುತ್ತಾರೆ, ನೀರಿನ ಸದ್ದು, ಕುಕ್ಕರ್ ಸದ್ದು ಇನ್ನೂ ಶುರುವಾಗಿರುವುದಿಲ್ಲ, ನೆಟ್ ಕೂಡ ಖಾಲಿ ಇರುತ್ತದೆ. ಒಂದು ರೂಮಿನ ಮುಂಬೈ ಮನೆಯಲ್ಲಿ ನಾಲ್ಕು ಜನ ಇರುವವರಿಗೆ ರಾತ್ರಿ ಹತ್ತೂವರೆಗಿಂತ ಬೆಳಿಗ್ಗೆ ಆರೂವರೆಯೇ ಮೇಲು, ಮಲಗಿದವರನ್ನು ಎಬ್ಬಿಸಬಾರದು ಅಂತ ಪಿಸುಗುಟ್ಟುವ ಕಷ್ಟ ಇದ್ದರೂ.

ಬೆಳಗಿನ ಸ್ಲಾಟ್ ಕೇಳುವಾಗ ವಾರವನ್ನು ಗಮನಿಸಿ. ನಮ್ಮ ಸೋಮವಾರ ಬೆಳಿಗ್ಗೆ ಅವರಿಗೆ ಭಾನುವಾರ ಸಂಜೆ, ಯಾರೂ ಬರುವುದಿಲ್ಲ. ನಮ್ಮ ಶನಿವಾರ ಬೆಳಿಗ್ಗೆ ಅವರಿಗೆ ಶುಕ್ರವಾರ ಸಂಜೆ, ಬರುತ್ತಾರೆ. ಹಾಗಾಗಿ ಬೆಳಿಗ್ಗೆ ಬೇಕಾದರೆ ಮಂಗಳವಾರದಿಂದ ಶನಿವಾರ, ರಾತ್ರಿ ಬೇಕಾದರೆ ಸೋಮವಾರದಿಂದ ಶುಕ್ರವಾರ. ಶನಿವಾರ ರಜೆ ಇರುವವರಿಗೆ ಅದು ಬಂಗಾರದಂಥ ಹೊತ್ತು. ಇನ್ನು ಪುಣೆಯವರಿಗೆ ಒಂದು ಮಾತು: ರಿಪೇರಿಗೆ ಅಂತ ಗುರುವಾರ ಕರೆಂಟ್ ತೆಗೆಯುವುದು ಇಲ್ಲಿನ ಹಳೆಯ ರೂಢಿ. ಲಂಡನ್, ಸಿಂಗಾಪುರದವರು ಗುರುವಾರ ಹಗಲಿನ ಸ್ಲಾಟ್ ಕೊಟ್ಟರೆ ನಿಮ್ಮ ಏರಿಯಾದ ಮೆಸೇಜ್ ಮೊದಲು ನೋಡಿ, ಆಮೇಲೆ ಒಪ್ಪಿ.

ಪ್ಯಾನೆಲ್‌ನಲ್ಲಿ, ಅಂದರೆ ಒಟ್ಟಿಗೆ ಪ್ರಶ್ನೆ ಕೇಳುವವರ ಗುಂಪಿನಲ್ಲಿ, ಇಬ್ಬರು ಮೂವರು ಬೇರೆ ಬೇರೆ ದೇಶದಲ್ಲಿ ಇದ್ದರೆ? ಪುಣೆ, ಲಂಡನ್, ಕ್ಯಾಲಿಫೋರ್ನಿಯಾ ಮೂರೂ ಸೇರಬೇಕು ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 9:30, ಲಂಡನ್‌ಗೆ ಸಂಜೆ 5, ಕ್ಯಾಲಿಫೋರ್ನಿಯಾಗೆ ಬೆಳಿಗ್ಗೆ 9, ಅಷ್ಟೇ ಕಿಂಡಿ. ಚಳಿಗಾಲದಲ್ಲಿ ಅದೇ ಕಿಂಡಿ ನಮಗೆ 10:30ಕ್ಕೆ ಜಾರುತ್ತದೆ. ಮಾರ್ಚ್ 8ರಿಂದ 29ರ ನಡುವಿನ ಮೂರು ವಾರ ಅಮೆರಿಕ ಬದಲಾಗಿ ಲಂಡನ್ ಬದಲಾಗಿರುವುದಿಲ್ಲ, ಆಗ ನಮ್ಮ 9:30 ಲಂಡನ್‌ಗೆ ಸಂಜೆ 4 ಆಗುತ್ತದೆ, ಸ್ವಲ್ಪ ಉಸಿರಾಡುವ ಜಾಗ ಸಿಗುತ್ತದೆ. ಮೂರು ಜನರನ್ನೂ ಒಂದೇ ಕಾಲ್‌ಗೆ ಎಳೆದು ತರಲೇಬೇಕು ಅನ್ನುವ ಹಟ ನನಗೆ ಹಿಡಿಸುವುದಿಲ್ಲ. ಎರಡು ಕಾಲ್ ಮಾಡಿ. ಲಂಡನ್ನಿನವರು ನಮ್ಮ ಸಂಜೆ 4ಕ್ಕೆ ಮಾತಾಡಲಿ, ಕ್ಯಾಲಿಫೋರ್ನಿಯಾದವರು ಇನ್ನೊಂದು ದಿನ ಬೆಳಿಗ್ಗೆ ಮಾತಾಡಲಿ. ಟೈಮ್ ಗೊತ್ತುಮಾಡುವ ಕೆಲಸದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ದಯವಿಟ್ಟು ಇದನ್ನು ನಿಮ್ಮ ಮ್ಯಾನೇಜರಿಗೆ ಹೇಳಿ. ಪ್ರತಿ ಸಲ ನಿದ್ದೆ ಕೆಡಿಸಿಕೊಳ್ಳುವವರು ಇಲ್ಲಿನವರೇ ಯಾಕಾಗಬೇಕು? ಒಂದು ರೌಂಡ್ ನಮ್ಮ ರಾತ್ರಿಗೆ ಇಟ್ಟರೆ ಮುಂದಿನದು ಅವರ ಸಂಜೆಗೆ ಇರಲಿ.

ಇಷ್ಟೆಲ್ಲ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ, ಕ್ಯಾಲೆಂಡರ್ ಇನ್ವೈಟ್ ಇದೆ ಅಲ್ವಾ? ಹೌದು, ಅದನ್ನೇ ಕೇಳಿ ಪಡೆಯಿರಿ. ಸರಿಯಾದ ಊರಿನ ಸಮಯದಲ್ಲಿ ಮಾಡಿದ ಇನ್ವೈಟ್ ಆದರೆ ನ್ಯೂಯಾರ್ಕಿನಲ್ಲಿ 10 ಅಂತ, ನಿಮ್ಮ ಫೋನಿನಲ್ಲಿ 7:30 ಅಂತ ತಾನೇ ತೋರಿಸುತ್ತದೆ, ಮಾರ್ಚ್, ನವೆಂಬರ್ ಲೆಕ್ಕವನ್ನೂ ತಾನೇ ನೋಡಿಕೊಳ್ಳುತ್ತದೆ. ಆದರೆ ಅದೂ ಎರಡು ಕಡೆ ಕೈ ಕೊಡುತ್ತದೆ. ಕಳಿಸುವವರು ಪಟ್ಟಿಯಲ್ಲಿ ಬೇರೆ ಊರನ್ನು ಆರಿಸಿದರೆ ಇನ್ವೈಟ್ ತಪ್ಪು ಗಂಟೆಯನ್ನೇ ಧೈರ್ಯವಾಗಿ ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ಆಫೀಸಿನದಾಗಿದ್ದು ಅದರ ಗಡಿಯಾರ ಕ್ಲೈಂಟ್ ದೇಶದ ಸಮಯದಲ್ಲಿ ಇದ್ದರೂ ಹಾಗೆಯೇ. ಸೆಟ್ಟಿಂಗ್‌ನಲ್ಲಿ ಮುಂಬೈ ಅಥವಾ ಪುಣೆ ಅಂತ ಹುಡುಕಿ ಸಿಗದಿದ್ದರೆ ಕೋಲ್ಕತಾ ಅಂತ ಹುಡುಕಿ, ಭಾರತದ ಸಮಯಕ್ಕೆ ಹಲವು ಕಡೆ ಅದೇ ಹೆಸರು. ಗೂಗಲ್ ಕ್ಯಾಲೆಂಡರಿನಲ್ಲಿ ಎರಡನೇ ಟೈಮ್ ಝೋನ್ ಸೇರಿಸುವ ಅವಕಾಶ ಇದೆ, ಕಂಪನಿಯ ಊರನ್ನು ಅಲ್ಲಿ ಹಾಕಿಟ್ಟರೆ ಎರಡೂ ಗಂಟೆ ಪಕ್ಕಪಕ್ಕದಲ್ಲಿ ಕಾಣುತ್ತವೆ. ಮೇಲ್‌ನಲ್ಲಿ ಬರೆದ ಗಂಟೆಗೂ ಇನ್ವೈಟ್‌ನ ಗಂಟೆಗೂ ತಾಳೆ ಆಗದಿದ್ದರೆ ಯಾವುದು ಸರಿ ಅಂತ ಊಹಿಸಬೇಡಿ, ಕೇಳಿ.

ಕೇಳುವ ಮೇಲ್ ಚಿಕ್ಕದಿರಲಿ. ‘2026 ಮಾರ್ಚ್ 12, ಗುರುವಾರ, ನ್ಯೂಯಾರ್ಕ್ ಬೆಳಿಗ್ಗೆ 10, ಪುಣೆ ಸಂಜೆ 7:30. ನಾನು ತಿಳಿದಿರುವುದು ಇದು, ಸರಿ ಇದೆಯೇ?’ ಇಷ್ಟೇ ಸಾಕು. ಕೊಟ್ಟ ಹೊತ್ತು ಆಗದಿದ್ದರೆ ಬರೀ ‘ಆಗುವುದಿಲ್ಲ’ ಅನ್ನಬೇಡಿ, ಆಗುವ ಮೂರು ಹೊತ್ತುಗಳನ್ನು ಎರಡೂ ಊರಿನ ಸಮಯದಲ್ಲಿ ಬರೆದು ಕಳಿಸಿ. ಆ ಕಡೆಯವರಿಗೆ ಲೆಕ್ಕ ಮಾಡುವ ಕೆಲಸ ತಪ್ಪಿತು ಅಂದರೆ ಅರ್ಧ ಒಪ್ಪಿದ ಹಾಗೆಯೇ. ‘ಕೇಳಿದರೆ ಏನಂದುಕೊಳ್ಳುತ್ತಾರೋ’ ಅಂತ ಸುಮ್ನೆ ರಾತ್ರಿ 2 ಗಂಟೆಗೆ ಒಪ್ಪಿಕೊಂಡು ಬರುವ ನಮ್ಮ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಟೈಮ್ ಬದಲಿಸಿ ಅಂತ ಮರ್ಯಾದೆಯಿಂದ ಮೊದಲೇ ಕೇಳುವುದು ನಮ್ಮ ಕೆಲಸದಲ್ಲಿ ದಿನನಿತ್ಯದ ಮಾತು, ಹೇಳದೆ ಬರದೇ ಇರುವುದೇ ತೊಂದರೆ.

ಇಷ್ಟಾದರೂ ತಪ್ಪಿಹೋದರೆ ಮರುದಿನದವರೆಗೆ ಕಾಯಬೇಡಿ. ಗೊತ್ತಾದ ಕೂಡಲೇ ಬರೆಯಿರಿ. ನಾನು ಯಾವ ಗಂಟೆಗೆ ಅಂತ ತಿಳಿದಿದ್ದೆ, ಯಾವ ಗಂಟೆಗೆ ಲಿಂಕಿಗೆ ಬಂದೆ, ಮುಂದಿನ ಎರಡು ಮೂರು ದಿನದಲ್ಲಿ ಯಾವಾಗ ಆಗುತ್ತದೆ, ಇಷ್ಟನ್ನು ಎರಡೂ ಕಡೆಯ ಸಮಯದೊಂದಿಗೆ ನಾಲ್ಕು ಸಾಲಿನಲ್ಲಿ ಕಳಿಸಿ. ಲಿಂಕಿನಲ್ಲಿ ಕಾದು ಕೂತ ಸ್ಕ್ರೀನ್‌ಶಾಟ್ ಇದ್ದರೆ ಸೇರಿಸಿ. ಗಡಿಯಾರ ಬದಲಾದ ವಾರದಲ್ಲಿ ಹೀಗಾಗುತ್ತದೆ ಅಂತ ಈ ಕೆಲಸದಲ್ಲಿರುವವರಿಗೆ ಗೊತ್ತಿರುತ್ತದೆ. ಪ್ಯಾನೆಲ್‌ನವರ ಮುಂದಿನ ಸ್ಲಾಟ್ ಬೇರೆಯವರಿಗೆ ಹೋಗುವ ಮುಂಚೆ ನಿಮ್ಮ ಮೇಲ್ ತಲುಪಿದರೆ ಇನ್ನೊಂದು ಹೊತ್ತು ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.